ಅನ್ನ ಉಣ್ಣುವ ಮಗ

ಕಾಯಿಲೆ ಬಿದ್ದವರನ್ನು ನೋಡಲು ಬರುವ ಜನರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಬರುತ್ತಾರೆ, ಚಾಪೆಯ ಅಂಚಿನಲ್ಲಿ ಕೂರುತ್ತಾರೆ, "ಹೆಂಗಿದ್ದೋನು ಹೆಂಗಾಗೋದ" ಎಂದು ಲೊಚಗುಟ್ಟುತ್ತಾರೆ, ತಮ್ಮ ನೆಂಟರಲ್ಲಿ ಇದೇ ಕಾಯಿಲೆಯಿಂದ ಸತ್ತ ಯಾರದೋ ಕತೆ ಹೇಳುತ್ತಾರೆ, ಮಜ್ಜಿಗೆ ಕುಡಿದು ಎದ್ದು ಹೋಗುತ್ತಾರೆ. ನಾನು ಕಾಲಿನ ಸ್ವಾಧೀನ ಕಳೆದುಕೊಂಡು ಮಲಗಿದ್ದ ಆ ವರ್ಷ ನಮ್ಮೂರಿನ ಅರ್ಧ ಜನ ಹೀಗೆ ಬಂದುಹೋದರು. ಅವರ ಮೇಲಿನ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಆದರೆ ಇದನ್ನು ಬರೆಯುತ್ತಿರುವುದು ಅವರಿಗಾಗಿ ಅಲ್ಲ. ಯಾವುದೋ ಹಾಸ್ಟೆಲಿನ ಮೂಲೆಯಲ್ಲಿ ಒಬ್ಬ ಹುಡುಗ ತನ್ನ ಕಾಲನ್ನು ತಾನೇ ಚಿವುಟಿ ನೋಡಿಕೊಳ್ಳುತ್ತ, ಯಾರಿಗೆ ಹೇಳಲಿ ಎಂದು ಕೂತಿರಬಹುದು. ಇದು ಅವನಿಗೆ. ನಡುವೆ ಬೈಗುಳ ಬಂದರೆ ಅವನು ಹೊಂದಿಕೊಳ್ಳಬೇಕು.

ನಮ್ಮೂರು ಹೊಸೂರಿನ ಆಚೆ, ಸಾನಮಾವಿನ ಕಾಡಿನ ಅಂಚಿನದು. ಎಲ್ಲವೂ ಮಳೆ ನಂಬಿದ ಬೆದ್ದಲು ಹೊಲ. ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು. ರಾಗಿ ತೆನೆ ಕಟ್ಟಿದರೆ ಕಾಡಿನಿಂದ ಆನೆ ಇಳಿಯುತ್ತಿದ್ದವು, ಗಂಡಸರು ಅಟ್ಟಣೆ ಹತ್ತಿ ಕಾಯುತ್ತಿದ್ದರು. ನೆಲ್ಲು, ಅಂದರೆ ಭತ್ತ, ಕೆರೆಯಿದ್ದ ಊರಿನವರ ಬೆಳೆ. ನಮಗೆ ಅನ್ನವೆಂದರೆ ಹಬ್ಬ, ಮದುವೆ, ತಿಥಿ, ಇಲ್ಲವೇ ಜ್ವರ. ಹಬ್ಬವಿಲ್ಲದ ದಿನ ಯಾರ ಮನೆಯಲ್ಲಾದರೂ ಅನ್ನ ಬೆಂದರೆ "ಯಾರ್ಗೆ ಉಸಾರಿಲ್ಲ" ಎಂದು ಪಕ್ಕದ ಮನೆಯವರು ಕೇಳುತ್ತಿದ್ದರು. ಉಳಿದಂತೆ ಮೂರು ಹೊತ್ತೂ ಹಿಟ್ಟು. ಹಿಟ್ಟು, ನಮ್ಮವರ ಬಾಯಲ್ಲಿ ಇಟ್ಟು, ಎಂದರೆ ರಾಗಿ ಮುದ್ದೆಯೇ.

ಇಂಟರ್ಮೀಡಿಯೆಟ್ ಓದಲು ಬೆಂಗಳೂರಿಗೆ ಹೋದ ನಮ್ಮೂರಿನ ಮೊದಲಿಗ ನಾನು. ನಮ್ಮ ಜನದ ಹಿರಿಯರು ನಡೆಸುತ್ತಿದ್ದ ಒಂದು ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಹಳ್ಳಿ ಹುಡುಗರನ್ನು ನಾಗರಿಕರನ್ನಾಗಿ ಮಾಡಬೇಕೆಂದು ಅಲ್ಲಿಯ ಕಾರ್ಯದರ್ಶಿಗಳಿಗೆ ಬಲು ಆಸೆ. ಅದಕ್ಕೆ ಅವರು ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆಯಿಂದ ಮುದ್ದೆಯನ್ನು ಆಚೆಗೆ ಹಾಕಿದ್ದು. ಗಾಡಿ ಹೊಡೆಯುವವರ ಊಟ ಓದುವವರಿಗೆ ಯಾಕೆ ಎಂದು ಅವರ ವಾದ. ಎರಡು ಹೊತ್ತೂ ರಂಗೂನ್ ಅಕ್ಕಿಯ ಅನ್ನ. ಜಪಾನಿನವರು ಬರ್ಮಾ ಹಿಡಿಯುವುದಕ್ಕೆ ಮುಂಚಿನ ಮಾತು ಇದು. ಗಿರಣಿಯಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ ಆ ಅಕ್ಕಿಗೆ ಒಂದು ಮುಗ್ಗಲು ವಾಸನೆ. ಅದು ಹೋಗಲೆಂದು ಅಡುಗೆಯವನು ಮತ್ತೆ ಮತ್ತೆ ತೊಳೆದು, ಬೆಂದ ಮೇಲೆ ಗಂಜಿಯನ್ನೂ ಬಸಿದು ಮೋರಿಗೆ ಚೆಲ್ಲುತ್ತಿದ್ದ. ಉಳಿದ ಬಿಳಿ ಅಗುಳಿನ ಮೇಲೆ ತಿಳಿಸಾರು, ಆಮೇಲೆ ನೀರು ಮಜ್ಜಿಗೆ.

ಅಪ್ಪ ಒಮ್ಮೆ ನನ್ನನ್ನು ನೋಡಲು ಬಂದವನು ಹಾಸ್ಟೆಲಿನಲ್ಲೇ ಊಟಕ್ಕೆ ಕೂತ. ಎಲೆಯ ತುಂಬ ಬಿದ್ದ ಅನ್ನವನ್ನು ಸುಮಾರು ಹೊತ್ತು ಮುಟ್ಟದೆ ನೋಡಿದ.

"ದಿನಾ ಇದೇನಾ?" ಅಂದ.

"ದಿನಾ ಇದೇ."

"ಎಲ್ಡೊತ್ತೂನಾ?"

"ಎಲ್ಡೊತ್ತೂ."

ಅವನ ಕಣ್ಣಲ್ಲಿ ನೀರು ಬಂತು. ನಾನು ಓದುತ್ತಿದ್ದ ಪುಸ್ತಕ ಯಾವುದು, ಮುಂದೆ ಏನಾಗುತ್ತೇನೆ, ಇದೊಂದನ್ನೂ ಅವನು ಕೇಳಿದವನಲ್ಲ. ಅವನಿಗೆ ಬೇಕಾದದ್ದು ಆ ಎಲೆಯ ಮೇಲೆ ಸಿಕ್ಕಿಬಿಟ್ಟಿತ್ತು. ಊರಿಗೆ ಹೋಗಿ ಕಂಡಕಂಡವರ ಹತ್ತಿರ "ನನ್ ಮಗ ಎಲ್ಡೊತ್ತೂ ಅನ್ನ ಉಣ್ತಾನೆ ಕಣ್ಲಾ" ಎಂದು ಹೇಳಿಕೊಂಡು ತಿರುಗಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಕಟ್ಟಿದವರು ನಮ್ಮ ಹಾಸ್ಟೆಲನ್ನು ನೋಡಿಯೇ ಕಟ್ಟಿದರೋ ಏನೋ.

ಎರಡನೆಯ ವರ್ಷದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ವಾರಗಟ್ಟಲೆ ಬಿಡಲಿಲ್ಲ. ಅಷ್ಟು ದಿನವೂ ತಿಳಿ ಗಂಜಿಯೇ ಗತಿ. ಜ್ವರ ಬಿಟ್ಟಿತು, ಪಾದ ಉರಿಯಲು ಶುರುವಾಯಿತು. ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೆ. ಆಮೇಲೆ ಉರಿಯೂ ಹೋಯಿತು, ಜುಮು ಜುಮು ಎನ್ನುವುದೊಂದು ಉಳಿಯಿತು. ಮೆಟ್ಟಿಲು ಹತ್ತಿದರೆ ಎದೆ ಹಾರುತ್ತಿತ್ತು. ಇದರ ಜೊತೆಗೆ ಇನ್ನೊಂದು, ಹೇಳಿಕೊಳ್ಳಲು ನಾಚಿಕೆಯಾಗುವಂಥದು. ಸುಮ್ಮನೆ ಅಳು ಬರುತ್ತಿತ್ತು. ತರಗತಿಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ ನನ್ನ ಹೆಸರು ಕೇಳಿ ಅಳು ಬಂದು ಓಗೊಡಲಾಗದೆ, ಇದ್ದರೂ ಇಲ್ಲದವನಾಗಿದ್ದೇನೆ. ಯಾರಾದರೂ ಏನಾದರೂ ಕೇಳಿದರೆ ಮೈಮೇಲೆ ಬೀಳುತ್ತಿದ್ದೆ. ಮನೆ ನೆನಪಾಗಿ ಹೀಗೆ ಎಂದು ಕೆಲವರು, ಯಾವುದೋ ಹುಡುಗಿಯ ಹಿಂದೆ ಬಿದ್ದಿದ್ದಾನೆ ಎಂದು ಕೆಲವರು. ನಮ್ಮ ತರಗತಿಯಲ್ಲಿ ಹುಡುಗಿಯರೇ ಇರಲಿಲ್ಲ.

ನನ್ನ ಕೋಣೆಯಲ್ಲಿದ್ದವನು ಕೋಲಾರದ ಕಡೆಯ ಶಾಮಣ್ಣ. ಒಂದೇ ದೀಪದಲ್ಲಿ ಓದಿದವರು, ಒಂದೇ ಸೋಪಿನಲ್ಲಿ ಬಟ್ಟೆ ಒಗೆದವರು ನಾವು. ಒಂದು ಸಂಜೆ ಇಬ್ಬರೂ ಮಾರ್ಕೆಟ್ ಕಡೆ ನಡೆದು ಹೋಗಿ ಬಂದೆವು. ಹಾಸ್ಟೆಲಿನ ಬಾಗಿಲಲ್ಲಿ ಅವನು ನನ್ನ ಕಾಲು ನೋಡಿ, "ನಿಂದೊಂದು ಚಪ್ಪಲಿ ಎಲ್ಲೋ?" ಅಂದ. ನೋಡಿಕೊಂಡೆ. ಒಂದು ಕಾಲು ಬರಿಗಾಲು. ದಾರಿಯಲ್ಲಿ ಎಲ್ಲೋ ಜಾರಿಬಿದ್ದಿದೆ, ಕಲ್ಲು ಮುಳ್ಳಿನ ಮೇಲೆ ನಡೆದು ಬಂದಿದ್ದೇನೆ, ಹೆಬ್ಬೆರಳಿನಲ್ಲಿ ರಕ್ತ ಬೇರೆ. ಕಾಲಿಗೆ ಒಂದೂ ತಿಳಿದಿಲ್ಲ. ನಾನು ನಕ್ಕೆ. ಶಾಮಣ್ಣ ನಗಲಿಲ್ಲ.

ಸ್ಪರ್ಶ ಸತ್ತ ಕಾಲು ಎಂದರೆ ಆ ಕಾಲದ ಜನಕ್ಕೆ ತೋಚುತ್ತಿದ್ದದ್ದು ಒಂದೇ ರೋಗ, ಕುಷ್ಠ. ಮಾರನೆಯ ದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಶಾಮಣ್ಣನ ಹಾಸಿಗೆ, ಪೆಟ್ಟಿಗೆ ಬೇರೆ ಕೋಣೆಗೆ ಹೋಗಿದ್ದವು. ನನ್ನ ಲೋಟವನ್ನು ಮಾತ್ರ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಟ್ಟು ಹೋಗಿದ್ದ. ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವನು ಕೇಳಲಿಲ್ಲ, ನೇರವಾಗಿ ವಾರ್ಡನ್ನರಿಗೆ ಹೇಳಿದ. ಆ ಲೋಟವನ್ನು ನಾನು ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ.

ವಾರ್ಡನ್ನರು ಕರೆಸಿ ಬಾಗಿಲು ಹಾಕಿದರು. ಮೇಜಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು.

"ಕೆಟ್ಟ ಚಾಳಿ ಏನಾದರೂ ಉಂಟೇನಪ್ಪ?" ಅಂದರು.

"ಯಾವುದು ಸಾರ್?" ಅಂದೆ.

ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತ, "ಏಕಾಂತದಲ್ಲಿ... ಧಾತು ನಷ್ಟವಾದರೆ ನರ ಸೋಲುತ್ತದೆ. ದೊಡ್ಡವರು ಸುಮ್ಮನೆ ಹೇಳಿಲ್ಲ," ಅಂದರು.

ಕಾಲು ಸತ್ತವನಿಗೆ ಕೈ ಕೆಲಸದ ವಿಚಾರಣೆ. ಹೊಡೆಯಬೇಕು ಅನಿಸಿತು, ಅದರ ಬದಲು ಅಳು ಬಂತು. ಅಳುವನ್ನು ಅವರು ತಪ್ಪೊಪ್ಪಿಗೆ ಎಂದು ತಿಳಿದು, ಬೆಳಿಗ್ಗೆ ಎದ್ದು ತಣ್ಣೀರು ಸ್ನಾನ ಮಾಡು, ಸದ್ಯಕ್ಕೆ ಊರಿಗೆ ಹೋಗು, ವಾಸಿಯಾದರೆ ಬಾ ಎಂದರು. ವಾಸಿಯಾಗದಿದ್ದರೆ ಜಾಗ ಬೇರೆಯವರಿಗೆ ಎಂಬುದನ್ನೂ ಮರೆಯದೆ ಹೇಳಿದರು. ಅಲ್ಲಿಗೆ ನನ್ನ ಓದು ನನ್ನ ಕಾಲಿಗೆ ಗಂಟುಬಿತ್ತು. ಎದ್ದು ನಡೆದರೆ ಕಾಲೇಜು, ಇಲ್ಲವಾದರೆ ಊರ ಜಗಲಿಯಲ್ಲಿ ಕೂತು ಕಾಗೆ ಓಡಿಸುವ ಕೆಲಸ.

ಅಣ್ಣ ಹೊಸೂರಿಗೆ ಗಾಡಿ ತಂದಿದ್ದ. ಬಸ್ಸಿನಿಂದ ಗಾಡಿಗೆ ನನ್ನನ್ನು ಎತ್ತಿಯೇ ಕೂರಿಸಬೇಕಾಯಿತು. ಮನೆಯಲ್ಲಿ ಅವ್ವ ಕಂಬ ಹಿಡಿದು ಅತ್ತಳು. ಅಪ್ಪ ಅಳಲಿಲ್ಲ, ಹೊಸೂರು ಸಂತೆಗೆ ಹೋಗಿ ಗಿರಣಿ ಅಕ್ಕಿ ತಂದ. ಅತ್ಯಂತ ಬಿಳಿಯದು ಯಾವುದೋ ಅದನ್ನೇ ಆರಿಸಿ ತಂದಿದ್ದ.

"ಅನ್ನ ಉಂಡ ಮೈ ಅದು. ಇನ್ನು ಇಟ್ಟು ತಡ್ಕಣಕ್ಕಿಲ್ಲ," ಎಂದು ಎಲ್ಲರೆದುರು ತೀರ್ಪು ಕೊಟ್ಟ.

ಹೀಗೆ ನಮ್ಮ ಮನೆಯಲ್ಲಿ ಎರಡು ಒಲೆ ಹತ್ತಿದವು. ಒಂದರಲ್ಲಿ ಎಲ್ಲರಿಗೂ ಮುದ್ದೆ, ಇನ್ನೊಂದರಲ್ಲಿ ನನಗೊಬ್ಬನಿಗೆ ಅನ್ನ. ಎರಡನ್ನೂ ಉರಿಸುತ್ತಿದ್ದವಳು ಅಣ್ಣನ ಹೆಂಡತಿ, ನನ್ನ ಅತ್ತಿಗೆ. ನಾನು ಬೆಂಗಳೂರಿಗೆ ಹೋದಾಗಿನಿಂದ ಅವಳಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಅವಳ ಗಂಡ ಆನೆ ಕಾಯಬೇಕು, ನಾನು ಬೂಟು ಹಾಕಬೇಕು, ಇದು ಯಾವ ನ್ಯಾಯ ಎಂದು ಅವಳ ಮುಖದಲ್ಲೇ ಬರೆದಿರುತ್ತಿತ್ತು. ಈಗ ಅವಳ ಎರಡು ಹೆಣ್ಣುಮಕ್ಕಳು ನನ್ನ ಊಟದ ತಣಿಗೆಯ ಕಡೆಗೆ ನೋಡುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದವು. ಅವ್ವ ಅವರನ್ನು ಗದರಿ ಓಡಿಸುತ್ತಿದ್ದಳು. ಬಸಿದ ಗಂಜಿಯಲ್ಲಿ ಅರ್ಧ ಆ ಮಕ್ಕಳಿಗೆ, ಅರ್ಧ ಕರುವಿಗೆ. ಮಕ್ಕಳೂ ಕರುವೂ ಚೆನ್ನಾಗಿಯೇ ಓಡಾಡುತ್ತಿದ್ದವು.

ಅಪ್ಪ ಒಬ್ಬ ಪಂಡಿತರನ್ನು ಕರೆತಂದ. ಅವರು ನಾಡಿ ಹಿಡಿದು, ಎಲ್ಲರನ್ನೂ ಹೊರಗೆ ಕಳಿಸಿ, ವಾರ್ಡನ್ನರು ಕೇಳಿದ್ದನ್ನೇ ಕೇಳಿದರು. ಆಮೇಲೆ ಪಥ್ಯ ಹೇಳಿದರು. ರಾಗಿ ಜಡ, ಮುಟ್ಟಬಾರದು. ಹುರುಳಿ ಉಷ್ಣ, ಮುಟ್ಟಬಾರದು. ಅವರೆ ವಾಯು, ಸೊಪ್ಪು ಶೀತ, ಬಾಡಿನ ಮಾತೇ ಬೇಡ. ಬಿಳಿ ಅನ್ನ, ಮೆಣಸಿನ ಸಾರು, ಇಷ್ಟೇ. ಅಪ್ಪನಿಗೆ ಆದ ಸಂತೋಷ ಹೇಳತೀರದು. ತಾನು ಮೊದಲೇ ಮಾಡುತ್ತಿದ್ದದ್ದನ್ನೇ ಪಂಡಿತರೂ ಹೇಳಿದರಲ್ಲ.

ಆ ಪಥ್ಯವನ್ನು ನಮ್ಮ ಮನೆಯವರು ವ್ರತದಂತೆ ನಡೆಸಿದರು. ಕಾಲು ಬಾತುಕೊಂಡವು, ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ನಾಲ್ಕು ಮಾತಾಡಿದರೆ ಏದುಸಿರು. ಬರುವವರ ಸಾಲು ಆಗಲೇ ಶುರುವಾದದ್ದು. ಬೆಂಗಳೂರಿನ ನೀರು ಎಂದರು, ದೃಷ್ಟಿ ಎಂದರು, ಹೆಚ್ಚು ಓದಿ ತಲೆಯ ಭಾರ ಕಾಲಿಗೆ ಇಳಿದಿದೆ ಎಂದವನೂ ಒಬ್ಬನಿದ್ದ. ಹೋಗುವಾಗ ಎಲ್ಲರೂ ತಪ್ಪದೆ ಹೇಳುತ್ತಿದ್ದ ಮಾತು ಒಂದು: "ನಿಮ್ಮಪ್ಪ ಪುಣ್ಯಾತ್ಮ ಕಣಪ್ಪ, ತಾನು ಇಟ್ಟು ತಿಂದು ನಿಂಗೆ ಅನ್ನ ಇಕ್ತಾವ್ನೆ." ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಕೊನೆಗೆ ಒಂದು ಬೆಳಿಗ್ಗೆ ಉಸಿರು ಸಿಕ್ಕದೆ ತುಟಿ ನೀಲಿಯಾಯಿತು. ಅಣ್ಣ ಯಾರ ಮಾತೂ ಕೇಳದೆ ಗಾಡಿ ಕಟ್ಟಿದ. ರಸ್ತೆಗೆ ಹೋಗಿ ಬಸ್ಸು ಹಿಡಿದು ನಾನು, ಅಪ್ಪ, ಅಣ್ಣ ಕೃಷ್ಣಗಿರಿಗೆ ಹೋದೆವು. ಸಮುದ್ರದ ಕಡೆ ಬಹಳ ವರ್ಷ ಸರ್ಕಾರಿ ಕೆಲಸ ಮಾಡಿ ಬಂದ ಡಾಕ್ಟರೊಬ್ಬರು ಅಲ್ಲಿ ಸ್ವಂತ ಔಷಧಿ ಅಂಗಡಿಯಂಥದೊಂದನ್ನು ಇಟ್ಟಿದ್ದರು. ಮುಂದಿನ ಜಗಲಿಯ ಬೆಂಚಿನ ತುಂಬ ಜನ. ನನ್ನ ಕಾಲು ನೋಡಿದವರು ಸರಿದು ಕೂತರು, ಜಾಗ ಬಿಡುವುದಕ್ಕಲ್ಲ, ತಾಗದಿರಲಿ ಎಂದು. ಒಬ್ಬ ಮುದುಕಿ ಮಾತ್ರ ಸರಿಯಲಿಲ್ಲ. ತೆಲುಗಿನವಳು. ತನ್ನ ಬುಟ್ಟಿಯನ್ನು ನನ್ನ ಮುಂದಕ್ಕೆ ತಳ್ಳಿ, ಅದರ ಮೇಲೆ ತನ್ನ ಗಂಟನ್ನು ಇಟ್ಟು, "ಕಾಳ್ಳು ಚಾಪುಕೋ ನಾಯನಾ" ಎಂದು ನನ್ನ ಎರಡು ಕಾಲನ್ನೂ ತಾನೇ ಎತ್ತಿ ಅದರ ಮೇಲೆ ಚಾಚಿಸಿದಳು. ತಿಂಗಳುಗಳ ಮೇಲೆ ಮನೆಯವರಲ್ಲದ ಯಾರೋ ನನ್ನ ಕಾಲು ಮುಟ್ಟಿದ್ದರು. ಅವಳಿಗೆ ಏನು ಕಾಯಿಲೆಯಿತ್ತೋ ನಾನು ಕೇಳಲಿಲ್ಲ.

ಡಾಕ್ಟರು ಮಹಾ ಸಿಡುಕ. ನನ್ನ ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಮಂಡಿ ಸುಮ್ಮನಿತ್ತು.

"ಕೀಳೆ ಉಕ್ಕಾರು," ಎಂದು ತಮಿಳಿನಲ್ಲಿ ಗದರಿ ನೆಲ ತೋರಿಸಿದರು. ಗೋಡೆ ಹಿಡಿದು ಕುಕ್ಕರಗಾಲಲ್ಲಿ ಕೂತೆ. "ಈಗ ಕೈ ಊರದೆ ಏಳು."

ಹುಟ್ಟಿದಾಗಿನಿಂದ ಕುಕ್ಕರಗಾಲಲ್ಲಿ ಕೂತು ಎದ್ದವನು ನಾನು. ಕಳೆ ಕಿತ್ತದ್ದು ಹಾಗೆ, ಹರಟಿದ್ದು ಹಾಗೆ. ಏಳಲು ಹೋದೆ, ಏಳಲಿಲ್ಲ. ಇನ್ನೊಮ್ಮೆ ಹೋದೆ, ಪಕ್ಕಕ್ಕೆ ಉರುಳಿದೆ. ನೆಲದಲ್ಲಿ ಬಿದ್ದುಕೊಂಡೇ ಅತ್ತುಬಿಟ್ಟೆ. ಇನ್ನು ನಾನು ಏಳುವವನಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಖಂಡಿತವಾಗಿತ್ತು.

ಡಾಕ್ಟರು ಬಗ್ಗಿ ಎತ್ತಿ ಕೂರಿಸಿದರು. ದನಿ ಇಳಿಸಿ, ಈ ಅಳುವುದು ಸಿಡುಕುವುದು ಯಾವಾಗಿನಿಂದ ಎಂದು ಕೇಳಿದರು. ಹೇಳಿದೆ. "ಅದೂ ಈ ಕಾಯಿಲೆಯೇ. ನೀನು ಕೆಟ್ಟವನಾಗಿಲ್ಲ," ಅಂದರು. ಅವರು ಕೊಟ್ಟ ಯಾವ ಔಷಧಿಗಿಂತಲೂ ಈ ಮಾತು ನನಗೆ ಹೆಚ್ಚು ನಾಟಿತು. ಕಾಯಿಲೆ ಹೋದ ಮೇಲೆ ಅಳು ನಿಂತಿತು. ಸಿಡುಕು ನಿಲ್ಲಲಿಲ್ಲ, ಅದರಲ್ಲಿ ಒಂದಷ್ಟು ನನ್ನ ಸ್ವಂತದ್ದೇ ಇರಬೇಕು.

ಆಮೇಲೆ ಅಪ್ಪನ ಕಡೆ ತಿರುಗಿದರು. "ಮಗನಿಗೆ ಊಟಕ್ಕೆ ಏನು ಹಾಕುತ್ತೀ?"

ಅಪ್ಪ ತಲೆಯೆತ್ತಿ ತನಗೆ ಬಂದ ತಮಿಳಿನಲ್ಲಿ ಹೇಳಿದ. "ಸೋರು ಸಾಮೀ. ಬರೀ ಅನ್ನ. ಬಿಳೀದು. ರಾಗೀನ ಕಣ್ಗೂ ತೋರ್ಸಿಲ್ಲ."

"ನೀನು ಏನು ತಿನ್ನುತ್ತೀ?"

"ನಾವು ಒಕ್ಕಲು ಮಕ್ಳು ಸಾಮೀ. ಇಟ್ಟು."

"ನಿನ್ನ ಎತ್ತಿಗೆ?"

"ಉಳ್ಳಿಕಾಳ್ ನುಚ್ಚು, ತೌಡು."

"ಎತ್ತು ನಡೆಯುತ್ತದಾ?"

"ನಡೀತದೆ ಸಾಮೀ."

"ನೀನೂ ನಡೆಯುತ್ತೀ, ನಿನ್ನ ಎತ್ತೂ ನಡೆಯುತ್ತದೆ. ಇವನೊಬ್ಬ ಬಿದ್ದಿದ್ದಾನೆ. ನೀನು ತಿನ್ನುವುದನ್ನೂ ಎತ್ತು ತಿನ್ನುವುದನ್ನೂ ಇವನಿಗೆ ಹಾಕು. ತೌಡನ್ನು ಸಾರಿನಲ್ಲಿ ಕದಡಿ ಕುಡಿಸು. ಇನ್ನು ಆ ಬಿಳಿ ಅನ್ನ ಹಾಕಿದೆಯೋ, ಕಾಲು ಹಾಗಿರಲಿ, ಎದೆಯೇ ನಿಂತುಹೋಗುತ್ತದೆ."

ಬೆರಿಬೆರಿ ಎಂದು ಕಾಯಿಲೆಯ ಹೆಸರು ಹೇಳಿದರು. ಗಿರಣಿಯಲ್ಲಿ ಉಜ್ಜಿಹೋಗುವ ತೌಡಿನ ಸತ್ವ ಮೈಗೆ ಸಿಗದೆ ಬರುತ್ತದೆ, ಸಮುದ್ರದ ಕಡೆ ಬಹಳ ಕಂಡಿದ್ದೇನೆ ಎಂದರು. ಒಂದು ಸೂಜಿ ಹಾಕಿದರು. ಒಳಕ್ಕೂ ಜಗಲಿಗೂ ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ. ಹೊರಗೆ ಬೆಂಚಿನ ಮೇಲಿದ್ದವರು ಎಲ್ಲವನ್ನೂ ಕೇಳಿದ್ದರು, ನಾವು ಬಂದಾಗ ಕೆಲವರು ಬಾಯಿಗೆ ಕೈ ಅಡ್ಡ ಹಿಡಿದರು. ಅಪ್ಪ ಯಾರನ್ನೂ ನೋಡದೆ ಇಳಿದು ಹೋದ. ದಾರಿಯ ಶೂಳಗಿರಿ ದಾಟಿದ ಮೇಲೆ ಬಸ್ಸಿನಲ್ಲಿ ಅಣ್ಣನಿಗೆ ಹೇಳಿದ: "ಎತ್ತಿಗಾಕೋದ್ನ ನನ್ ಮಗನ್ಗಾಕು ಅಂತಾನಲ್ಲಾ. ಇವ್ನ ಮನೆ ಹಾಳಾಗ."

ಸೂಜಿಯಿಂದ ಉಸಿರು ಸ್ವಲ್ಪ ಹಗುರಾಯಿತು, ಬಾವೂ ಕೊಂಚ ಇಳಿಯಿತು. ಅದೇ ನನಗೆ ಕೇಡಾಯಿತು. "ಸೂಜಿ ಸಾಕು ಕಣ್ಲಾ, ನೋಡು ಎಂಗೆ ಕೆಲ್ಸ ಮಾಡ್ತು," ಎಂದು ಅಪ್ಪ ಮತ್ತೆ ಅನ್ನವನ್ನೇ ಮಾಡಿಸಿದ. ಕೆಲವು ದಿನಗಳಲ್ಲಿ ಬಾವು ಮತ್ತೆ ಏರಿತು. ನಾನು ಮುದ್ದೆ ಕೊಡಿ ಎಂದೆ. ಅವ್ವ ಅಪ್ಪನ ಮುಖ ನೋಡಿದಳು.

"ಡಾಕ್ಟ್ರು ಹೇಳ್ಲಿಲ್ವಾ ಅಪ್ಪ, ಅನ್ನ ತಿಂದ್ರೆ ಸಾಯ್ತೀನಿ ಅಂತ."

"ಅನ್ನ ತಿಂದು ಸತ್ತೋರ್ನ ಎಲ್ಲಾರ ನೋಡಿದ್ಯಾ? ಅನ್ನ ಇಲ್ದೆ ಸತ್ತೋರ್ನ ಬೇಕಾದ್ರೆ ತೋರುಸ್ತೀನಿ." ಅವನ ದನಿ ಏರಿತು. "ಊರೋರೆಲ್ಲ ಏನಂತಾರೆ? ಬೆಂಗ್ಳೂರ್ಗೋಗಿ ಓದ್ಬಂದೋನು ಕೊನೆಗೆ ಕೊಟ್ಗೇಲಿರೋದ್ನ ತಿಂತಾವ್ನೆ ಅನ್ನಲ್ವಾ? ನಾನು ತಲೆ ಎತ್ತಿ ತಿರ್ಗಾಡ್ಬೇಕಾ ಬ್ಯಾಡ್ವಾ?"

"ನಿನ್ ತಲೆ ಎತ್ತಕ್ಕೆ ನನ್ ಕಾಲು ಬೇಕಾ?" ಅಂದೆ.

ಅವ್ವ ತಣಿಗೆ ತಂದು ಮುಂದಿಟ್ಟಳು. ಎತ್ತಿ ಎಸೆದೆ. ಗೋಡೆಗೆ ಬಡಿದು ಅನ್ನ ನೆಲದ ತುಂಬ ಚೆಲ್ಲಿತು. ನಮ್ಮ ಮನೆಯಲ್ಲಿ ಅನ್ನ ಎಸೆದವರು ಅಲ್ಲಿಯವರೆಗೆ ಇರಲಿಲ್ಲ. ಅಪ್ಪ ಬಂದು ಕೆನ್ನೆಗೆ ಹೊಡೆದ. ಅವ್ವ ಒಂದೊಂದೇ ಅಗುಳು ಆರಿಸಿ ಕಣ್ಣಿಗೆ ಒತ್ತಿಕೊಂಡು ಸೆರಗಿಗೆ ಹಾಕಿಕೊಂಡಳು. ಅತ್ತಿಗೆ ಅಡುಗೆಮನೆಯ ಹೊಸಿಲಲ್ಲಿ ನಿಂತು ಇಷ್ಟನ್ನೂ ನೋಡಿದಳು.

ಮಾರನೆಯ ದಿನದಿಂದ ರಾಗಿ ಕುಯ್ಲು. ಅಪ್ಪ, ಅವ್ವ, ಅಣ್ಣ ಬೆಳಿಗ್ಗೆ ಹೊಲಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆಯಲ್ಲಿ ನಾನು, ಅತ್ತಿಗೆ, ಮಕ್ಕಳು. ಮಧ್ಯಾಹ್ನ ಅತ್ತಿಗೆ ತಣಿಗೆ ತಂದು ಸದ್ದಾಗುವಂತೆ 'ಟಕ್' ಎಂದು ಇಟ್ಟಳು. ಮುದ್ದೆ. ಪಕ್ಕದಲ್ಲಿ ಹುರುಳಿಕಾಳು, ಸೊಪ್ಪಿನ ಬಸ್ಸಾರು. ಸಾರಿನ ಮೇಲೆ ಕಂದು ಬಣ್ಣದ ತೌಡು ತೇಲುತ್ತಿತ್ತು.

ನಾನು ಅವಳ ಮುಖ ನೋಡಿದೆ.

"ತಿನ್ನು. ನಿನ್ ಮ್ಯಾಲಿನ ಪಿರೂತಿಗೆ ಅಂದ್ಕಬ್ಯಾಡ," ಅಂದಳು. "ಎಲ್ಡೊಲೆ ಉರ್ಸಿ ಉರ್ಸಿ ನನ್ ಕಣ್ಣೋಗವೆ, ನೀನು ಬಿರ್ನೆ ಎದ್ದು ಓದಕ್ಕೋಗು. ನಿನ್ ಪಾಲಿನ ಅನ್ನ ನನ್ ಮಕ್ಳಿಗೆ ಇಕ್ತೀನಿ. ಮಾವ ಕೇಳಿದ್ರೆ ಅನ್ನ ಉಂಡೆ ಅನ್ನು. ಬಾಯ್ಬುಟ್ಯೋ, ನಾಳೆಯಿಂದ ನಿಂಗೆ ಅದೇ ಅನ್ನ."

"ಸತ್ತೋದ್ರೆ?" ಅಂದೆ, ಸುಮ್ಮನೆ ಅವಳನ್ನು ಕೆಣಕಲು.

"ಸತ್ರೆ ನಮ್ಮಂಗೆ ಇಟ್ಟು ತಿಂದು ಸಾಯಿ. ಒಂದೊಲೆನಾದ್ರೂ ಆರ್ತದೆ."

ಮೊದಲ ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಎಷ್ಟೋ ಕಾಲವಾಗಿತ್ತು ಮುದ್ದೆ ಗಂಟಲಲ್ಲಿ ಇಳಿದು. ತೌಡಿನ ಸಾರು ಕೊಟ್ಟಿಗೆಯ ವಾಸನೆ ಬರುತ್ತಿತ್ತು, ಅದನ್ನೂ ತಳದವರೆಗೆ ಕುಡಿದೆ. ಬಾಗಿಲ ಆಚೆ ಮಕ್ಕಳು ಅನ್ನ ಉಣ್ಣುತ್ತ ನಗುತ್ತಿದ್ದವು. ರಾತ್ರಿಯ ಊಟವನ್ನೂ ಅವಳೇ ಒಳಕೋಣೆಗೆ ತಂದು, ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಮುಗಿಯುವವರೆಗೆ ಏಳುತ್ತಿರಲಿಲ್ಲ. ಹೊಲದಿಂದ ದಣಿದು ಬಂದ ಅಪ್ಪ ಹೊರಗಿನಿಂದಲೇ "ಉಂಡ್ನೇನವ್ವ?" ಎಂದು ಕೇಳುವನು. "ಉಂಡ ಮಾವ, ಎಲ್ಡು ಸಲ ಇಕ್ಕಿಸ್ಕಂಡ," ಎಂದು ಅವಳು ಹೇಳುವಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕುಯ್ಲು ಮುಗಿದರೂ ಕಣದ ಕೆಲಸ ಇತ್ತು, ನಮ್ಮ ಒಪ್ಪಂದ ಮುಂದುವರಿಯಿತು.

ನನ್ನನ್ನು ಮುದ್ದಿಸಿದವರೆಲ್ಲ ಸೇರಿ ನನಗೆ ಸುಡುಗಾಡಿನ ದಾರಿ ಹಿಡಿಸಿದ್ದರು. ಕಂಡರಾಗದವಳು ಒಬ್ಬಳು ತಡೆದು ನಿಲ್ಲಿಸಿದಳು. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಒಗಟೇನೂ ಅನಿಸುವುದಿಲ್ಲ. ಅವಳಿಗೆ ನನ್ನ ಬಗ್ಗೆ ಜಂಬವಿರಲಿಲ್ಲ, ಹಾಗಾಗಿ ನಾನು ಏನು ತಿಂದರೂ ಅವಳ ಮಾನ ಹೋಗುತ್ತಿರಲಿಲ್ಲ. ಕಾಯಿಲೆ ಬಿದ್ದ ಹುಡುಗನಿಗೆ ಒಂದು ಮಾತು. ನಿನ್ನ ಮೇಲೆ ಪ್ರಾಣ ಇಟ್ಟುಕೊಂಡವರು ಹೇಳಿದ್ದೆಲ್ಲ ಸರಿ ಎಂದು ನಂಬಬೇಡ. ನಿನ್ನನ್ನು ಬೈಯುವವರು ಏನು ಹೇಳುತ್ತಿದ್ದಾರೆ ಎಂಬುದನ್ನೂ ಒಮ್ಮೆ ಕೇಳಿಸಿಕೋ.

ಬಾವು ಮೊದಲು ಇಳಿಯಿತು. ಉಸಿರು ನೆಟ್ಟಗಾಯಿತು. ಕಾಲಿಗೆ ಜೀವ ಬಂದದ್ದು ಬಹಳ ನಿಧಾನ, ಬರುವಾಗ ನೋವು ತಂದಿತು. ನೋವು ಬಂದ ದಿನ ನಾನು ಸಂತೋಷಪಟ್ಟೆ. ಮುಂದಿನ ವರ್ಷ ಕಾಲೇಜಿಗೆ ವಾಪಸು ಹೋದೆ, ಬೇರೆ ಕಡೆ ಇದ್ದು ಓದಿ ಪರೀಕ್ಷೆ ಮುಗಿಸಿದೆ. ಶಾಮಣ್ಣ ದಾರಿಯಲ್ಲಿ ಸಿಕ್ಕಿ "ಚೆನ್ನಾಗಿದ್ದೀಯಾ" ಎಂದು ಕೈ ಚಾಚಿದ, ನಾನು ಚಾಚಲಿಲ್ಲ. ದೊಡ್ಡ ಮನಸ್ಸು ಮಾಡಬಹುದಿತ್ತು ಎನ್ನುವವರಿಗೆ ಕಟ್ಟೆಯ ಮೇಲೆ ಇಟ್ಟ ಲೋಟ ಗೊತ್ತಿಲ್ಲ. ಇದನ್ನೆಲ್ಲ ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನನ್ನ ಕಾಯಿಲೆ ಮುಗಿದದ್ದು ಅಲ್ಲಿ ಅಲ್ಲ, ನಮ್ಮ ಮನೆಯ ಅಂಗಳದಲ್ಲಿ.

ಕಣದ ಕೆಲಸ ಮುಗಿದ ಮೇಲಿನ ಒಂದು ಬೆಳಿಗ್ಗೆ. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ನಾನು ಗೋಡೆ ಹಿಡಿದುಕೊಂಡು ಬಂದು ನೀರಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ, ಮುಖ ತೊಳೆದೆ, ಒದ್ದೆ ಕೈಯಿಂದ ಕಣ್ಣೊರೆಸಿಕೊಳ್ಳುತ್ತ ಎದ್ದು ನಿಂತೆ. ಎರಡು ಕೈಯೂ ಮುಖದ ಮೇಲಿದ್ದವು. ನಾನು ಎದ್ದಿದ್ದೇನೆ ಎಂದು ನನಗೆ ಗೊತ್ತಾದದ್ದು ಅಪ್ಪನ ಮುಖ ನೋಡಿದ ಮೇಲೆ. ಅವನ ಕೈಯಿಂದ ಹಗ್ಗದ ಎಳೆ ಬಿಚ್ಚಿಕೊಂಡು ಹೋಗುತ್ತಿತ್ತು.

"ಲೇ, ಎದ್ಬುಟ್ಟ," ಅಂದ. ಎದ್ದು ಬಂದು ನನ್ನ ತೋಳು, ಬೆನ್ನು, ತೊಡೆ ಎಲ್ಲವನ್ನೂ ಮುಟ್ಟಿ ನೋಡಿದ. ಆಮೇಲೆ ಬೀದಿಗೆ ಕೇಳುವ ಹಾಗೆ ಹೇಳತೊಡಗಿದ. "ನಾನಂದಿರ್ಲಿಲ್ವಾ? ಅನ್ನದ ಗುಣ. ಆ ಡಾಕ್ಟ್ರು ಎತ್ತಿಂದು ತಿನ್ಸು ಅಂದ. ಅವ್ನ ಮಾತ್ ಕೇಳಿದ್ರೆ ಇವ್ನು ಏಳ್ತಿದ್ನಾ? ಅನ್ನ ಎಬ್ಬಿಸ್ತು ನೋಡು."

ನನ್ನ ಮೈ ಉರಿಯಿತು. ನಾನು ಬಾಯಿ ತೆರೆಯುವ ಮುಂಚೆ ಅತ್ತಿಗೆ ಒಳಗಿನಿಂದ ಬಂದಳು.

"ಅನ್ನ ನನ್ ಮಕ್ಳು ಉಂಡವೆ ಮಾವ," ಅಂದಳು. "ಇವ್ನು ಉಂಡಿದ್ದು ಇಟ್ಟು, ಉಳ್ಳಿ. ತೌಡು ಕದಡಿದ ಸಾರು. ಕುಯ್ಲು ಸುರುವಾದಾಗಿಂದ ಒಂದಗ್ಳು ಅನ್ನ ಮುಟ್ಟಿಲ್ಲ. ಒಡೀತೀಯಾ, ಒಡಿ."

ಅಪ್ಪ ಅವಳನ್ನು ಹೊಡೆಯಲಿಲ್ಲ. ನನ್ನ ಕಡೆ ತಿರುಗಿದ. "ಹೌದೇನ್ಲಾ?"

"ಹೂಂ."

ಬಗ್ಗಿ, ಬಿಚ್ಚಿಹೋದ ಹಗ್ಗದ ಎಳೆಯನ್ನು ಎತ್ತಿಕೊಂಡ. ಮತ್ತೆ ಮಾತಾಡಿದಾಗ ದನಿ ಬೀದಿಗೆ ಕೇಳುವಂತಿರಲಿಲ್ಲ.

"ಅಂಗಾರೆ ನಾನು ಇಷ್ಟು ದಿನ ನಿಂಗೆ ಇಕ್ಕಿದ್ದೇನ್ಲಾ?"

ಇದಕ್ಕೆ ಉತ್ತರ ನನ್ನ ಹತ್ತಿರ ತಿಂಗಳುಗಳಿಂದ ತಯಾರಿತ್ತು. ಗೋಡೆಯ ಕಡೆ ತಿರುಗಿ ಮಲಗಿದಾಗೆಲ್ಲ ಅದನ್ನು ಮಸೆದಿದ್ದೆ. ಒಂದೇ ಮಾತು, ವಿಷ. ಅಂದುಬಿಟ್ಟಿದ್ದರೆ ಅವನು ಮತ್ತೆ ತಲೆ ಎತ್ತುತ್ತಿರಲಿಲ್ಲ. ಅನ್ನಬೇಕೆಂದೇ ಬಾಯಿ ತೆರೆದೆ. ಆ ದಿನ ನಾನು ಅವನನ್ನು ಕ್ಷಮಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಕ್ಷಮಿಸಲಿಲ್ಲ. ಆದರೆ ಆ ಮುಖ ನೋಡಿಕೊಂಡು ಆ ಮಾತು ಆಡಲು ಆಗಲಿಲ್ಲ.

"ಹಸೀತೈತಪ್ಪ," ಅಂದೆ.

ಅತ್ತಿಗೆ ಒಳಗೆ ಹೋಗಲು ತಿರುಗಿದಳು. ಅಪ್ಪ ಕೈ ಅಡ್ಡ ಹಿಡಿದು ತಾನೇ ಒಳಗೆ ಹೋದ. ಅಡುಗೆಮನೆಯಲ್ಲಿ ಅವನು ಕಾಲಿಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪಾತ್ರೆ ಉರುಳಿದ ಸದ್ದಾಯಿತು, ಯಾವುದರ ಮುಚ್ಚಳವೋ ಬಿತ್ತು. ತಣಿಗೆಯಲ್ಲಿ ಮುದ್ದೆ ಇಟ್ಟುಕೊಂಡು, ಸಾರು ಅಂಚಿನಿಂದ ಚೆಲ್ಲಿಕೊಂಡು ಬಂದ. ಬೀದಿಗೆ ಕಾಣುವ ಜಗಲಿಯಲ್ಲೇ ನನ್ನನ್ನು ಕೂರಿಸಿ ಮುಂದಿಟ್ಟ. ಎದುರಿಗೆ ತಾನೂ ಕೂತ. ಆಚೆ ಮನೆಯವರು ನೀರು ಹೊತ್ತು ಹೋಗುತ್ತ ನಿಂತು ನೋಡಿದರು. ಅಪ್ಪ ಅವರ ಕಡೆ ನೋಡಲಿಲ್ಲ. ನನ್ನ ಕೈ ತಣಿಗೆಯಿಂದ ಬಾಯಿಗೆ ಹೋಗುವುದನ್ನೇ, ಗಂಟಲಲ್ಲಿ ತುತ್ತು ಇಳಿಯುವುದನ್ನೇ ನೋಡುತ್ತಿದ್ದ. ಮುದ್ದೆ ಮುಗಿಯಿತು.

"ಇನ್ನೊಂದು ಇಕ್ಲಾ?" ಅಂದ.